ಕಾಫಿಯ ಕಲೆಗೆ ಅಂಚೇಕೆ ಕಪ್ಪು?

ಮೇಜಿನ ಮೇಲೆ ಬಿದ್ದ ಕಾಫಿಯ ಹನಿಯನ್ನು ಒರೆಸದೆ ಬಿಟ್ಟರೆ ಅದು ಒಣಗಿ ಕಲೆಯಾಗುವುದು ಎಲ್ಲರೂ ಬಲ್ಲ ಸಂಗತಿ. ಆದರೆ ಆ ಕಲೆಯನ್ನು ನಾವು ಕೊಂಚ ಸಾವಧಾನದಿಂದ ನೋಡಿದರೆ ಒಂದು ವೈಚಿತ್ರ್ಯವು ಕಾಣುತ್ತದೆ. ಹನಿಯು ನಡುವೆ ದಪ್ಪ, ಅಂಚಿನಲ್ಲಿ ತೆಳು. ಹಾಗಿದ್ದಮೇಲೆ ಕಾಫಿಯ ಕಣಗಳು ನಡುವೆಯೇ ಹೆಚ್ಚಾಗಿ ಉಳಿಯಬೇಕಷ್ಟೆ? ಕಾಣುವುದಾದರೋ ಇದಕ್ಕೆ ತದ್ವಿರುದ್ಧ: ನಡುಭಾಗವು ಮಸುಕಾಗಿದ್ದು, ಅಂಚಿನಲ್ಲಿ ಕಡುಗಂದು ಬಳೆಯೊಂದು ಮೂಡಿರುತ್ತದೆ.

ಇಷ್ಟು ಸಾಮಾನ್ಯವಾದ ವಿಷಯಕ್ಕೆ ತೃಪ್ತಿಕರವಾದ ವಿವರಣೆಯು ದೊರೆತದ್ದು 1997ರಲ್ಲಿ. ಅಮೆರಿಕದ ಷಿಕಾಗೋ ವಿಶ್ವವಿದ್ಯಾನಿಲಯದ ರಾಬರ್ಟ್ ಡೀಗನ್ ಮತ್ತು ಅವರ ಸಂಗಡಿಗರು ಅದನ್ನು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು.

ಹನಿಯ ಅಂಚು ಮೇಜಿನ ಸೂಕ್ಷ್ಮವಾದ ಒರಟುತನಕ್ಕೆ ಸಿಕ್ಕಿ ನಿಂತುಬಿಡುತ್ತದೆ. ನೀರು ಆವಿಯಾದಂತೆಲ್ಲ ಹನಿಯ ಎತ್ತರವು ಇಳಿಯುವುದೇ ಹೊರತು ಅಗಲವು ಕುಗ್ಗುವುದಿಲ್ಲ. ಇತ್ತ ನೀರು ಆವಿಯಾಗುವ ವೇಗವೂ ಎಲ್ಲೆಡೆ ಒಂದೇ ಸಮನಲ್ಲ. ಹನಿಯ ನಡುವಿನಿಂದ ಹೊರಟ ಅಣುವಿನ ಸುತ್ತಲೂ ಆವಿಯ ದಟ್ಟಣೆಯಿದೆ. ಅಂಚಿನಿಂದ ಹೊರಟ ಅಣುವಿಗೆ ಪಕ್ಕದಲ್ಲಿಯೇ ಒಣಗಾಳಿಯ ಬಯಲು. ಆದುದರಿಂದ ಅಂಚಿನಲ್ಲಿ ನೀರು ಬೇಗ ನಷ್ಟವಾಗುತ್ತದೆ. ಅಂಚಂತೂ ಹಿಂದೆ ಸರಿಯಲಾರದು. ನಷ್ಟವನ್ನು ತುಂಬಲು ನಡುವಿನ ನೀರೇ ಹರಿದುಬರಬೇಕು. ಹೊಳೆಯು ಮರಳನ್ನು ಒಯ್ಯುವಂತೆ ಈ ಪ್ರವಾಹವು ಕಣಗಳನ್ನು ಒಯ್ದು ಅಂಚಿನಲ್ಲಿ ಒಟ್ಟುತ್ತದೆ. ಹಾಗೆ ಒಟ್ಟಿದ ಕಣಗಳು ಅಂಚನ್ನು ಇನ್ನೂ ಬಿಗಿಯಾಗಿ ಹಿಡಿಯುತ್ತವೆ.

ಈ ವಾದವನ್ನು ಅವರು ಒರೆಗೆ ಹಚ್ಚಿದ ಬಗೆ ಬಹು ಸರಳವಾದುದು. ನಡುವೆ ಸಣ್ಣ ರಂಧ್ರವಿದ್ದ ಮುಚ್ಚಳವನ್ನು ಹನಿಯ ಮೇಲಿರಿಸಿದರು. ಆವಿಯು ನಡುವಿನಿಂದಲೇ ಹೊರಹೋಗಬೇಕಾಯಿತು, ಬಳೆಯು ಮೂಡಲಿಲ್ಲ! ಅಂಚು ಸಿಕ್ಕಿಕೊಳ್ಳದಂಥ ನುಣುಪಾದ ಟೆಫ್ಲಾನಿನ ಮೇಲೆಯೂ ಅದು ಮೂಡಲಿಲ್ಲ.

ಮನೆಯಲ್ಲಿ ನೋಡಬಯಸುವವರು ಗಾಜಿನ ಚೂರಿನ ಮೇಲೆ ತೆಳುವಾದ ಡಿಕಾಕ್ಷನ್ನಿನ ಹನಿಯನ್ನಿರಿಸಿ ಒಣಗಲು ಬಿಡಬಹುದು. ಹಾಲು ಸಕ್ಕರೆಗಳನ್ನು ಬೆರೆಸದಿರುವುದು ಲೇಸು; ಅವು ಬಾಯಿಗೆ ರುಚಿ, ಪ್ರಯೋಗಕ್ಕೆ ತೊಡಕು.

ಇದು ಕೇವಲ ಕುತೂಹಲದ ಮಾತಲ್ಲ. ಶಾಯಿಯ ಹನಿಗಳನ್ನು ಸಿಡಿಸಿ ಮುದ್ರಿಸುವ ಯಂತ್ರಗಳಲ್ಲಿ ಪ್ರತಿಯೊಂದು ಚುಕ್ಕೆಯೂ ಸಮನಾಗಿ ಒಣಗಬೇಕು. ಅನುವಂಶೀಯ ದ್ರವ್ಯವಾದ ಡಿ.ಎನ್.ಎ.ಯನ್ನು ಗಾಜಿನ ಮೇಲೆ ಸಾವಿರಾರು ಚುಕ್ಕೆಗಳಾಗಿ ಇರಿಸಿ ಪರೀಕ್ಷಿಸುವ ವಿಧಾನವೊಂದುಂಟು. ಅಲ್ಲಿ ದ್ರವ್ಯವೆಲ್ಲ ಅಂಚಿಗೆ ಸರಿದರೆ ಚುಕ್ಕೆಯ ಹೊಳಪನ್ನು ಅಳೆಯುವವರು ಮೋಸಹೋಗುತ್ತಾರೆ.

ಪರಿಹಾರವೊಂದನ್ನು 2011ರಲ್ಲಿ ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದವರು ಕಂಡರು. ದುಂಡಗಿನ ಕಣಗಳಿಗೆ ಬದಲಾಗಿ ನೀಳವಾದ, ಅಕ್ಕಿಕಾಳಿನಂಥ ಆಕಾರದ ಕಣಗಳನ್ನು ಹನಿಯಲ್ಲಿ ಬೆರೆಸಿದರು. ಇವನ್ನೂ ಪ್ರವಾಹವು ಅಂಚಿನತ್ತ ಒಯ್ಯುತ್ತದೆ. ಆದರೆ ನೀರಿನ ಮೇಲ್ಮೈಯನ್ನು ತಲಪಿದೊಡನೆ ಅವು ಅದನ್ನು ಡೊಂಕಾಗಿಸಿ, ಆ ಡೊಂಕಿನ ಸೆಳೆತದಿಂದ ಒಂದಕ್ಕೊಂದು ತಗಲಿಕೊಂಡು, ಮೇಲ್ಮೈಯಲ್ಲಿಯೇ ಸಡಿಲವಾದ ಜಾಲವಾಗಿ ನಿಂತುಬಿಡುತ್ತವೆ. ಹನಿ ಒಣಗಿದ ಮೇಲೆ ಕಲೆಯು ಅಂಚಿನಿಂದ ಅಂಚಿನವರೆಗೆ ಹೆಚ್ಚುಕಡಮೆ ಒಂದೇ ಸಮನಾಗಿರುತ್ತದೆ.