ಅವರೊಬ್ಬರಿಗೆ ಪಥ್ಯ ಬೇಡ, ಮನೆಗೆಲ್ಲ ಒಂದೇ ಅಡುಗೆ ಇರಲಿ

ಪ್ರಶ್ನೆ: ನಮ್ಮ ಯಜಮಾನರಿಗೆ 52 ವರ್ಷ. ಸ್ವಲ್ಪ ಜಮೀನಿನಲ್ಲಿ ಕಬ್ಬು, ಮಿಕ್ಕಿದ್ದರಲ್ಲಿ ರಾಗಿ ಬೆಳೆಯುತ್ತೇವೆ. ಊರಿನ ತಪಾಸಣಾ ಶಿಬಿರದಲ್ಲಿ ಅವರಿಗೆ ಶುಗರ್ ಇದೆ, ಬಿಪಿಯೂ ಇದೆ ಅಂದರು. ಆಮೇಲೆ ಆಸ್ಪತ್ರೆಯಲ್ಲಿ ಖಾಲಿ ಹೊಟ್ಟೆಯಲ್ಲಿ ನೋಡಿಸಿದಾಗ ಶುಗರ್ 186, ಬಿಪಿ 156/96 ಇತ್ತು. ಒಂದು ತಿಂಗಳು ಮಾತ್ರೆ ನುಂಗಿದರು. 'ನನಗೇನಾಗಿದೆ, ಗಟ್ಟಿಮುಟ್ಟಾಗಿದ್ದೀನಿ' ಎಂದು ನಿಲ್ಲಿಸಿಬಿಟ್ಟರು. ಮಾತ್ರೆ ತಿಂದರೆ ಕಿಡ್ನಿ ಹೋಗುತ್ತೆ ಅಂತ ಯಾರೋ ತಲೆಗೆ ತುಂಬಿದ್ದಾರೆ. ಸಕ್ಕರೆ ಬಿಟ್ಟು ದಿನಕ್ಕೆ ನಾಲ್ಕು ಸಲ ಬೆಲ್ಲದ ಟೀ ಕುಡಿಯುತ್ತಾರೆ. ಅನ್ನ ಬಿಟ್ಟೆ ಅಂತ ಎರಡು ಹೊತ್ತೂ ಎರಡೆರಡು ಮುದ್ದೆ. ಬೀಡಿಯೂ ಉಂಟು. ಅವರಿಗೊಂದು, ಅತ್ತೆಗೊಂದು, ಇಬ್ಬರು ಮಕ್ಕಳಿಗೊಂದು ಅಂತ ಬೇಯಿಸಿ ಬೇಯಿಸಿ ನನಗೆ ಸಾಕಾಗಿದೆ. ಏನಾದರೂ ಹೇಳಿದರೆ ಸಿಟ್ಟಾಗುತ್ತಾರೆ. ನಮ್ಮ ಮಾವನವರಿಗೂ ಶುಗರ್ ಇತ್ತು, ಕಾಲಿನ ಹುಣ್ಣು ಮಾಯದೆ ಬೆರಳು ತೆಗೆಸಬೇಕಾಯಿತು. ಅದನ್ನು ನೆನೆದರೆ ರಾತ್ರಿ ನಿದ್ದೆ ಬರುವುದಿಲ್ಲ. ನಾನೇನು ಮಾಡಲಿ?
— ಹೆಸರು ಬೇಡ, ದುದ್ದ, ಮಂಡ್ಯ ತಾಲ್ಲೂಕು

ಉತ್ತರ: ಆತ್ಮೀಯ ಸೋದರಿ,

ನಿಮ್ಮ ಭಯಕ್ಕೆ ಕಾರಣವಿದೆ. ಆದರೆ ಧೈರ್ಯಕ್ಕೂ ಕಾರಣವಿದೆ. ಹುಣ್ಣು ಆಗುವ ಮೊದಲೇ, ಕಣ್ಣು ಮಂಜಾಗುವ ಮೊದಲೇ ನಿಮ್ಮ ಯಜಮಾನರ ಕಾಯಿಲೆ ಗೊತ್ತಾಗಿದೆ. ಈಗಿನಿಂದ ಹಿಡಿತದಲ್ಲಿಟ್ಟುಕೊಂಡರೆ ಅವರು ಇನ್ನೂ ಬಹುಕಾಲ ಇದೇ ಗಟ್ಟಿತನದಲ್ಲಿ ಜಮೀನು ನೋಡಿಕೊಳ್ಳಬಹುದು. ನಿಮ್ಮ ಮಾವನವರಿಗೆ ಆದದ್ದು ಇವರಿಗೂ ಆಗಲೇಬೇಕು ಅಂತೇನಿಲ್ಲ.

'ನನಗೇನಾಗಿದೆ' ಎಂದು ಅವರು ಸುಳ್ಳು ಹೇಳುತ್ತಿಲ್ಲ. ಶುಗರ್, ಬಿಪಿ ಎರಡೂ ವರ್ಷಗಟ್ಟಲೆ ನೋವು ಕೊಡುವುದಿಲ್ಲ. ಖಾಲಿ ಹೊಟ್ಟೆಯಲ್ಲಿ ಶುಗರ್ 126 ಅಥವಾ ಹೆಚ್ಚಿದ್ದು, ಮತ್ತೊಮ್ಮೆ ನೋಡಿದಾಗಲೂ ಹಾಗೆಯೇ ಇದ್ದರೆ ಅದು ಮಧುಮೇಹ. ಬಿಪಿ ಬೇರೆ ಬೇರೆ ದಿನ ನೋಡಿದಾಗಲೂ 140/90 ದಾಟಿದರೆ ರಕ್ತದೊತ್ತಡ. ಇವರ ಅಂಕಿಗಳು ಎರಡೂ ಗೆರೆ ದಾಟಿವೆ. ಮೈಗೆ ಏನೂ ಗೊತ್ತಾಗದ ಹೊತ್ತಿನಲ್ಲೇ ಮೂತ್ರಪಿಂಡ, ಕಣ್ಣು, ನರ, ಹೃದಯದ ಸಣ್ಣ ರಕ್ತನಾಳಗಳು ಸವೆಯುತ್ತಿರುತ್ತವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಮಧುಮೇಹವಿದೆ, 31 ಕೋಟಿಗೂ ಹೆಚ್ಚು ಜನರಿಗೆ ರಕ್ತದೊತ್ತಡವಿದೆ. ಹಾಗಾಗಿ ಇದು ನಿಮ್ಮ ಮನೆಗೆ ಮಾತ್ರ ಬಂದ ಶಾಪವಲ್ಲ, ಮುಚ್ಚಿಡುವಂಥದ್ದೂ ಅಲ್ಲ.

ಈಗ ಕಿಡ್ನಿಯ ಮಾತು. ಶುಗರ್, ಬಿಪಿಗೆ ವೈದ್ಯರು ಬರೆದುಕೊಡುವ ಮಾತ್ರೆ ಕಿಡ್ನಿಯನ್ನು ಹಾಳುಮಾಡುತ್ತದೆ ಎಂಬುದು ತಿರುವುಮುರುವಾದ ಮಾತು. ಕಿಡ್ನಿಯನ್ನು ಕೆಡಿಸುವುದು ಹತೋಟಿ ತಪ್ಪಿದ ಶುಗರ್ ಮತ್ತು ಬಿಪಿ. ಮಾತ್ರೆ ಇರುವುದೇ ಅದನ್ನು ತಡೆಯಲು. ನಿಜವಾಗಿ ಎಚ್ಚರ ಬೇಕಾದದ್ದು ಬೇರೆ ಮಾತ್ರೆಯ ಬಗ್ಗೆ. ಗದ್ದೆ ಕೆಲಸ ಮುಗಿಸಿ ಬಂದು ಸೊಂಟ ನೋವು, ಮಂಡಿ ನೋವು ಅಂತ ಮೆಡಿಕಲ್ ಸ್ಟೋರಿನಲ್ಲಿ ಚೀಟಿಯಿಲ್ಲದೆ ಕೊಂಡು ನುಂಗುವ ನೋವಿನ ಮಾತ್ರೆಗಳು ಶುಗರ್, ಬಿಪಿ ಇರುವವರ ಕಿಡ್ನಿಗೆ ಪೆಟ್ಟು ಕೊಡುತ್ತವೆ. ನಿಮ್ಮ ಯಜಮಾನರಿಗೆ ಆ ರೂಢಿ ಇದ್ದರೆ ಮೊದಲು ಅದನ್ನು ನಿಲ್ಲಿಸಿ. ಶುಗರ್ ಮಾತ್ರೆಯನ್ನು ತಾವಾಗಿಯೇ ಬಿಡುವುದಾಗಲಿ, ಹೆಚ್ಚು ಕಡಿಮೆ ಮಾಡುವುದಾಗಲಿ ಬೇಡ. ಒಂದು ತಿಂಗಳು ನುಂಗಿ ಅಂಕಿ ಇಳಿದರೆ ಕಾಯಿಲೆ ವಾಸಿಯಾಯಿತು ಎಂದಲ್ಲ, ಮಾತ್ರೆ ಕೆಲಸ ಮಾಡುತ್ತಿದೆ ಎಂದರ್ಥ. ತೂಕ ಇಳಿದು, ಊಟ ಸರಿಹೋದರೆ ಪ್ರಮಾಣ ಕಡಿಮೆ ಮಾಡುವುದನ್ನು ವೈದ್ಯರೇ ನೋಡುತ್ತಾರೆ.

ಬೆಲ್ಲದ ವಿಷಯ ಹೇಳುವುದು ನಮ್ಮ ಕಡೆಯವರಿಗೆ ಕಷ್ಟ. ಆಲೆಮನೆಯ ಬಿಸಿಬೆಲ್ಲ ತಿಂದು ಬೆಳೆದವರಿಗೆ ಅದು ಔಷಧವಿದ್ದಂತೆ. ಆದರೂ ಹೇಳಲೇಬೇಕು. ಬೆಲ್ಲದಲ್ಲಿ ಬಹುಪಾಲು ಇರುವುದು ಸಕ್ಕರೆಯೇ. ಅದರಲ್ಲಿ ಒಂದಿಷ್ಟು ಖನಿಜಾಂಶ ಇದೆ, ನಿಜ. ಅದಕ್ಕಾಗಿ ಶುಗರ್ ಏರುವುದು ನಿಲ್ಲುವುದಿಲ್ಲ. ಒಂದು ಲೋಟ ಟೀಗೆ ಎರಡು ಚಮಚದಂತೆ ನಾಲ್ಕು ಟೀ ಎಂದರೆ ದಿನಕ್ಕೆ 30 ಗ್ರಾಂಗೂ ಮಿಕ್ಕಿ ಸಿಹಿ ಮೈಗೆ ಸೇರುತ್ತಿದೆ. ಟೀಯನ್ನು ಎರಡಕ್ಕೆ ಇಳಿಸಿ, ಸಿಹಿಯನ್ನು ವಾರವಾರಕ್ಕೆ ಅರ್ಧರ್ಧ ಚಮಚ ಕಡಿಮೆ ಮಾಡುತ್ತ ಬನ್ನಿ. ತಿಂಗಳಲ್ಲಿ ನಾಲಗೆ ಒಗ್ಗುತ್ತದೆ. ಕಬ್ಬಿನ ಹಾಲು, ಬಾಟಲಿ ಜ್ಯೂಸು ಬೇಡ. ಸೀಬೆಹಣ್ಣು ಒಂದು ಹಾಗೇ ಕಚ್ಚಿ ತಿನ್ನಲಿ.

ಮುದ್ದೆ ಬಿಡಬೇಕಾಗಿಲ್ಲ. ಆದರೆ ಮುದ್ದೆಗೆ ಲೆಕ್ಕವಿಲ್ಲ ಎಂಬ ನಂಬಿಕೆ ಬಿಡಬೇಕು. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 67 ಗ್ರಾಂ ಶರ್ಕರಪಿಷ್ಟ ಇದೆ, ಅಷ್ಟೇ ಅಕ್ಕಿಯಲ್ಲಿ ಸುಮಾರು 78. ಅಂತರ ಇಷ್ಟೇ. ರಾಗಿಯ ಹೆಚ್ಚುಗಾರಿಕೆ ಅದರ ನಾರು ಮತ್ತು ಸುಣ್ಣದ ಅಂಶದಲ್ಲಿದೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಸಿಗುತ್ತದೆ, ಅಕ್ಕಿಯಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ರಾಗಿಯೇ ಇರಲಿ, ಎರಡು ಮುದ್ದೆ ಒಂದಾಗಲಿ. ನೇಗಿಲು ಹಿಡಿದು ದಿನವಿಡೀ ಉಳುತ್ತಿದ್ದ ತಲೆಮಾರಿಗೆ ಎರಡು ಮುದ್ದೆ ಬೇಕಿತ್ತು. ಟ್ರ್ಯಾಕ್ಟರ್ ಉಳುವಾಗ, ಬೈಕಿನಲ್ಲಿ ಹೊಲಕ್ಕೆ ಹೋಗಿ ಬರುವಾಗ ಮೈಗೆ ಅಷ್ಟು ಬೇಡ.

ಇನ್ನು ನಿಮ್ಮ ಒಲೆಯ ಮುಂದಿನ ಕಷ್ಟ. ಮೂರು ಬಗೆಯ ಅಡುಗೆ ಇವತ್ತಿನಿಂದಲೇ ನಿಲ್ಲಿಸಿ. ಶುಗರ್ ಇರುವವರಿಗೆ ಒಳ್ಳೆಯದಾದ ಊಟವೇ ನಿಮ್ಮ ಅತ್ತೆಗೂ ಮಕ್ಕಳಿಗೂ ನಿಮಗೂ ಒಳ್ಳೆಯದು. ಅಪ್ಪನಿಗೂ ತಾತನಿಗೂ ಈ ಕಾಯಿಲೆ ಬಂದ ಮನೆಯ ಮಕ್ಕಳಿಗೆ ಮುಂದೆ ಬರುವ ಸಂಭವ ಹೆಚ್ಚು. ಅವರ ನಾಲಗೆ ಈಗಿನಿಂದಲೇ ಪಳಗಬೇಕು. ಒಬ್ಬರ ತಟ್ಟೆಗೆ ಮಾತ್ರ ಸಪ್ಪೆ ಬಡಿಸಿದರೆ ಅವರಿಗೆ ಕಾಯಿಲೆಯವನೆಂಬ ಸಂಕಟ, ನಿಮಗೆ ದುಪ್ಪಟ್ಟು ದುಡಿಮೆ. ನನ್ನ ಉತ್ತರದಲ್ಲಿ ಒಂದನ್ನೇ ಪಾಲಿಸುವುದಾದರೆ ಇದನ್ನು ಪಾಲಿಸಿ.

ಇದಕ್ಕೆ ಹೊಸ ಅಡುಗೆ ಕಲಿಯಬೇಕಾಗಿಲ್ಲ. ನಿಮ್ಮ ಬಸ್ಸಾರೇ ಸಾಕು. ಸೊಪ್ಪು, ಹುರುಳಿಕಾಳು ಅಥವಾ ಹೆಸರುಕಾಳು ಬೇಯಿಸಿ ಬಸಿದರೆ ಸಾರೂ ಆಯಿತು, ಪಲ್ಯವೂ ಆಯಿತು. ಈಗ ತಟ್ಟೆಯಲ್ಲಿ ಮುದ್ದೆ ದೊಡ್ಡದು, ಪಲ್ಯ ಒಂದು ಸೌಟು. ಅದನ್ನು ತಿರುಗಿಸಿ. ಅರ್ಧ ತಟ್ಟೆ ಸೊಪ್ಪು, ಕಾಳು, ತರಕಾರಿ ಇರಲಿ. ಮೊದಲು ಪಲ್ಯ ತಿಂದು ಆಮೇಲೆ ಮುದ್ದೆಗೆ ಕೈ ಹಾಕಲಿ. ಮುದ್ದೆಯನ್ನು ಅಗಿಯದೆ ನುಂಗುವುದರಿಂದ ಹೊಟ್ಟೆ ತುಂಬಿದ್ದು ಗೊತ್ತಾಗುವ ಮೊದಲೇ ಎರಡನೆಯದಕ್ಕೆ ಕೈ ಹೋಗುತ್ತದೆ. ಪಲ್ಯ ಮೊದಲು ತಿಂದರೆ ಹಸಿವು ತಗ್ಗುತ್ತದೆ, ಊಟದ ನಂತರ ಶುಗರ್ ಏರುವುದೂ ನಿಧಾನವಾಗುತ್ತದೆ. ಮೊಟ್ಟೆ, ಮೀನು ಬೇಡವೆನ್ನಬೇಡಿ. ಬಾಡೂಟದ ದಿನವೂ ತುಂಡು ತಿನ್ನಲಿ, ಕೊಬ್ಬು ಬಿಡಲಿ, ಮುದ್ದೆಯ ಲೆಕ್ಕ ಅವತ್ತೂ ಒಂದೇ ಇರಲಿ. ಮದ್ದೂರು ವಡೆ ಎಂದೋ ಒಂದು ದಿನದ್ದಾಗಲಿ, ಪೇಟೆಗೆ ಹೋದಾಗಲೆಲ್ಲ ಬೇಡ.

ಬಿಪಿಗೆ ಮುಖ್ಯ ಉಪ್ಪು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಒಬ್ಬರಿಗೆ ದಿನಕ್ಕೆ 5 ಗ್ರಾಂ ಒಳಗೆ, ಅಂದರೆ ಒಂದು ಚಿಕ್ಕ ಚಮಚ. ಇದನ್ನು ಅಳೆಯಲು ಸುಲಭದ ದಾರಿ ಇದೆ. ಹೊಸ ಉಪ್ಪಿನ ಪೊಟ್ಟಣ ಒಡೆದ ದಿನ ಅದರ ಮೇಲೆ ತಾರೀಖು ಬರೆಯಿರಿ. ನಿಮ್ಮ ಮನೆಯಲ್ಲಿ ಐದು ಜನ. ಒಂದು ಕೆ.ಜಿ. ಉಪ್ಪು ಕಡಿಮೆಯೆಂದರೂ 40 ದಿನ ಬರಬೇಕು. 20 ದಿನಕ್ಕೇ ಮುಗಿದರೆ ಎಲ್ಲರೂ ಎರಡರಷ್ಟು ತಿನ್ನುತ್ತಿದ್ದೀರಿ. ಉಪ್ಸಾರಿನಲ್ಲಿ ಕಟ್ಟಿಗೂ ಉಪ್ಪು, ಖಾರಕ್ಕೂ ಉಪ್ಪು ಬೀಳುತ್ತದೆ. ಖಾರಕ್ಕೆ ಮಾತ್ರ ಹಾಕಿ, ಕಟ್ಟಿಗೆ ಬೆಳ್ಳುಳ್ಳಿ, ಜೀರಿಗೆ, ಹುಣಸೆಹುಳಿಯ ರುಚಿ ಕೊಡಿ. ಉಪ್ಪಿನಕಾಯಿ, ಹಪ್ಪಳ ದಿನವೂ ಬೇಡ.

ಕಾಲಿನ ವಿಷಯದಲ್ಲಿ ನಿಮ್ಮ ಮನೆ ಒಮ್ಮೆ ಪೆಟ್ಟು ತಿಂದಿದೆ. ಶುಗರ್ ಹೆಚ್ಚಿದ್ದರೆ ಪಾದದ ನರಗಳ ಸ್ಪರ್ಶ ಮಂಕಾಗುತ್ತದೆ. ಕಬ್ಬಿನ ಕೂಳೆ ಚುಚ್ಚಿದರೂ, ಮುಳ್ಳು ಮುರಿದು ಒಳಗೆ ಉಳಿದರೂ ಗೊತ್ತಾಗುವುದಿಲ್ಲ. ಬರಿಗಾಲಲ್ಲಿ ಗದ್ದೆಗೆ ಇಳಿಯುವುದು ಬೇಡ. ರಾತ್ರಿ ಕಾಲು ತೊಳೆದು ಬೆರಳ ಸಂದುಗಳನ್ನು ಒಣಗಿಸಿ, ದೀಪದ ಬೆಳಕಿನಲ್ಲಿ ಅಂಗಾಲು ನೋಡಿ. ಗುಳ್ಳೆ, ಸೀಳು, ಬಣ್ಣ ತಿರುಗಿದ ಜಾಗ ಕಂಡರೆ ಅರಿಸಿನ ಮೆತ್ತಿ ಕಾಯದೆ ಮರುದಿನವೇ ಆಸ್ಪತ್ರೆಗೆ ಹೋಗಿ. ಬೀಡಿ ಅದೇ ಕಾಲಿನ ರಕ್ತನಾಳಗಳನ್ನು ಇನ್ನಷ್ಟು ಕಿರಿದು ಮಾಡುತ್ತದೆ. ಬೆರಳು ಉಳಿಯಬೇಕಾದರೆ ಬೀಡಿ ಬಿಡಬೇಕು.

ಅವರ ಸಿಟ್ಟಿಗೆ ಏನು ಮಾಡುವುದು? ಊಟದ ತಟ್ಟೆಯ ಮುಂದೆ, ಅತ್ತೆಯ ಎದುರು, ಮಕ್ಕಳ ಎದುರು ಈ ಮಾತು ಎತ್ತಬೇಡಿ. ಇಬ್ಬರೇ ಇರುವಾಗ 'ನಂಗೆ ಭಯ ಆಗುತ್ತೆ' ಎಂದು ನಿಮ್ಮ ಮನಸ್ಸಿನದ್ದನ್ನೇ ಹೇಳಿ. 'ನೀವು ಹೀಗೆ ಮಾಡ್ತೀರಿ' ಎಂದು ಶುರುಮಾಡಿದರೆ ಜಗಳವಾಗುತ್ತದೆ. ಬೇಸಾಯಗಾರರಿಗೆ ಬೇಸಾಯದ ಮಾತು ನಾಟುತ್ತದೆ: ಗೊಣ್ಣೆಹುಳು ಬೇರು ತಿನ್ನುತ್ತಿರುವಾಗಲೂ ಕಬ್ಬು ಮೇಲೆ ಹಸಿರಾಗೇ ಇರುತ್ತದಲ್ಲ, ಗರಿ ಹಳದಿಯಾಗುವ ಹೊತ್ತಿಗೆ ಬೇರು ಹೋಗಿರುತ್ತದಲ್ಲ ಎಂದು ಕೇಳಿ. ಅತ್ತೆಯವರನ್ನೂ ಜೊತೆಗೆ ಸೇರಿಸಿಕೊಳ್ಳಿ. ದುಡಿಯುವ ಮಗನಿಗೆ ಹೊಟ್ಟೆತುಂಬ ಇಕ್ಕಬೇಕೆಂಬುದು ತಾಯಿಯ ಪ್ರೀತಿ. ಹೊಟ್ಟೆ ತುಂಬುವುದು ಪಲ್ಯದಿಂದಲೂ ಆಗುತ್ತದೆಂದು ಅವರೇ ಬಡಿಸಲಿ. ರಾತ್ರಿ ಊಟವಾದ ಮೇಲೆ ನೀವಿಬ್ಬರೂ ಕಾಲು ಗಂಟೆ ಊರ ರಸ್ತೆಯಲ್ಲಿ ನಡೆಯಿರಿ.

ತುರ್ತಿನ ಎರಡು ಮಾತು. ಮಾತ್ರೆ ನುಂಗಿ ಊಟ ತಪ್ಪಿಸಿದಾಗ ಕೈನಡುಕ, ಬೆವರು, ಕಣ್ಣುಕತ್ತಲೆ ಬಂದರೆ ಶುಗರ್ ಇಳಿದಿರಬಹುದು. ಮೂರು ಚಮಚ ಸಕ್ಕರೆ ನೀರಿನಲ್ಲಿ ಕರಗಿಸಿ ಕುಡಿಸಿ, ಆಮೇಲೆ ಊಟ ಕೊಡಿ. ಎಚ್ಚರವಿಲ್ಲದಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಕರೆ ಮಾಡಿ. ಎದೆ ಒತ್ತಿದಂತಾಗುವುದು, ತಣ್ಣನೆಯ ಬೆವರು, ಏದುಸಿರು, ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು ಕಂಡರೂ ಗ್ಯಾಸ್ ಎಂದುಕೊಂಡು ಕೂರದೆ ಕೂಡಲೇ 108 ಕರೆಯಿರಿ. ಶುಗರ್ ಇರುವವರಿಗೆ ಹೃದಯಾಘಾತ ದೊಡ್ಡ ನೋವಿಲ್ಲದೆಯೂ ಬರುವುದುಂಟು.

ಕೊನೆಯದಾಗಿ ನಿಮ್ಮ ಬಗ್ಗೆ. ಇಷ್ಟುದ್ದದ ಪತ್ರದಲ್ಲಿ ನಿಮ್ಮ ಆರೋಗ್ಯದ ಬಗ್ಗೆ ಒಂದು ಸಾಲೂ ಇಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಎಲ್ಲರಿಗೂ ಇಕ್ಕಿ ಉಳಿದದ್ದನ್ನು ಉಣ್ಣುವ ರೂಢಿ ಬಿಟ್ಟು, ಮನೆಯವರ ಜೊತೆಗೇ ಕೂತು ಉಣ್ಣಿ.

ಈ ವಾರವೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಇಬ್ಬರೂ ಒಟ್ಟಿಗೆ ಹೋಗಿ, ಹಳೆಯ ಚೀಟಿಯನ್ನೂ ಒಯ್ಯಿರಿ. ಶುಗರ್, ಬಿಪಿ ಮಾತ್ರೆ ಸರ್ಕಾರಿ ಕೇಂದ್ರಗಳಲ್ಲಿ ಉಚಿತ. ಅವರಿಗೆ ಮೂರು ತಿಂಗಳ ಸರಾಸರಿ ಶುಗರ್ ಪರೀಕ್ಷೆ, ಕಿಡ್ನಿಗಾಗಿ ರಕ್ತ ಮತ್ತು ಮೂತ್ರದ ಪರೀಕ್ಷೆ, ಕಣ್ಣಿನ ಪರದೆಯ ತಪಾಸಣೆ ಮಾಡಿಸಬೇಕೆಂದು ಕೇಳಿ. ಅಲ್ಲಿ ಆಗದಿದ್ದನ್ನು ಮಂಡ್ಯದ ಜಿಲ್ಲಾ ಆಸ್ಪತ್ರೆಗೆ ಬರೆದುಕೊಡುತ್ತಾರೆ. ನಿಮ್ಮ ಹಿಮೋಗ್ಲೋಬಿನ್, ಶುಗರ್, ಬಿಪಿಯನ್ನೂ ಅವತ್ತೇ ನೋಡಿಸಿಕೊಳ್ಳಿ. 'ನಿಮ್ಮನ್ನು ಕರೆದುಕೊಂಡು ಹೋಗ್ತೀನಿ' ಎಂದರೆ ಅವರು ಬರಲಿಕ್ಕಿಲ್ಲ. 'ನನಗೂ ನೋಡಿಸಬೇಕು, ಜೊತೆಗೆ ಬನ್ನಿ' ಎಂದು ಕರೆಯಿರಿ. ನಿಮ್ಮ ಆರೋಗ್ಯಕ್ಕಾಗಿ ಅವರು ಹೊರಟೇ ಹೊರಡುತ್ತಾರೆ.