ಮಾಲೀಕ ಬದಲಾದ, ನಮ್ಮ ವರ್ಷಗಳು?

ನಾವು ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಹೊಲಿಯುವ ಹೆಂಗಸರು. ಒಂದು ದಿನ ಗೇಟಿನ ಬೋರ್ಡು ಬದಲಾಯಿತು. ಫ್ಯಾಕ್ಟರಿ ಮಾರಾಟವಾಗಿತ್ತು. ಸೂಪರ್‌ವೈಸರ್ ಒಂದು ಹಾಳೆ ತಂದ. "ಸೈನ್ ಹಾಕ್ರಮ್ಮ, ಬೇಗ ಬೇಗ" ಅಂದ. ಮೊದಲಾಗಿದ್ದರೆ ಹೆಬ್ಬೆಟ್ಟು ಒತ್ತುತ್ತಿದ್ದೆವು. ಈಗ ಓದಲು ಬರುತ್ತದಲ್ಲ! ಅಕ್ಷರ ಕೂಡಿಸಿ ಓದಿದೆವು. "ರಾಜೀನಾಮೆ" ಎಂದಿತ್ತು. ಅಂದರೆ, ನಾವಾಗಿಯೇ ಕೆಲಸ ಬಿಟ್ಟೆವು ಅಂತ. ನಾಳೆ ಹೊಸಬರಾಗಿ ಸೇರಬೇಕಂತೆ. ಹಾಗಾದರೆ ಹತ್ತು ವರ್ಷದ ದುಡಿಮೆ ಎಲ್ಲಿ ಹೋಯ್ತು?

ಒಂದು ವರ್ಷ ಬಿಡದೆ ದುಡಿದವರಿಗೆ ಕಾನೂನಿನ ಬೆಂಬಲ ಇದೆ. ಹೊಸ ಮಾಲೀಕ ನಮ್ಮನ್ನು ಮುಂದುವರಿಸಿದರೆ ಸಂಬಳ, ಸವಲತ್ತು ಕಡಿಮೆ ಆಗಬಾರದು. ಹಳೆಯ ವರ್ಷಗಳೂ ಲೆಕ್ಕಕ್ಕೆ ಬರಬೇಕು. ಹಾಗೆ ಆಗದಿದ್ದರೆ ಹಳೆಯ ಮಾಲೀಕ ನೋಟಿಸು ಕೊಡಬೇಕು, ಪರಿಹಾರವನ್ನೂ ಕೊಡಬೇಕು. ದುಡಿದ ಒಂದೊಂದು ವರ್ಷಕ್ಕೆ 15 ದಿನದ ಸಂಬಳ. 10 ವರ್ಷಕ್ಕೆ 150 ದಿನದ್ದು. ಸಣ್ಣ ದುಡ್ಡೇನಲ್ಲ! 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ ಈ ಮಾತು ಇತ್ತು. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಇದೆ. ಆದರೆ ರಾಜೀನಾಮೆಗೆ ಸೈನ್ ಹಾಕಿದರೆ ಈ ಪರಿಹಾರ ಕೇಳೋದು ಕಷ್ಟ.

ನಾವು ಸೈನ್ ಹಾಕಲಿಲ್ಲ. ಸಂಬಳದ ಚೀಟಿ, ಪಿ.ಎಫ್. ನಂಬರು, ಗುರುತಿನ ಕಾರ್ಡು ಎಲ್ಲಾ ಒಂದು ಚೀಲಕ್ಕೆ ಹಾಕಿಕೊಂಡೆವು. ಕಾರ್ಮಿಕ ಇಲಾಖೆಯ ಕಚೇರಿಗೆ ಹೊರಟೆವು. ಒಬ್ಬಿಬ್ಬರಲ್ಲ, ಇಡೀ ಲೈನಿನವರು.