ಹಳೇ ಗೇಮಿಗೆ ಹೊಸ ಬಿಲ್ಲು

2025ರ ಏಪ್ರಿಲ್ 22ರಂದು ಬೆಥೆಸ್ಡಾ ಕಂಪನಿ ತನ್ನ 2006ರ ಗೇಮ್ ‘ಆಬ್ಲಿವಿಯನ್’ಗೆ ಹೊಸ ರೂಪ ಕೊಟ್ಟಿರುವುದಾಗಿ ಘೋಷಿಸಿದ್ದೂ ಅದನ್ನು ಮಾರಾಟಕ್ಕಿಟ್ಟಿದ್ದೂ ಒಂದೇ ದಿನ. ಸುದ್ದಿ ಮೊದಲೇ ಸೋರಿತ್ತು, ಅದು ಬೇರೆ ಮಾತು. ಅಭಿಮಾನಿಗಳು ಕುಣಿದಾಡಿದರು. ಮನೆಯ ಲೆಕ್ಕ ಬರೆಯುವ ನನಗೆ ಹೊಳೆದದ್ದು ಮಾತ್ರ ಬೇರೆ: ಹಿಂದಿನ ವಾರ ಹಳೆಯದನ್ನು ಕೊಂಡವನ ಗತಿಯೇನು?

ಕಂಪನಿಗಳು ಬಾಯಿ ಬಿಡದಿರುವುದಕ್ಕೂ ಕಾರಣವಿದೆ. ಅಮೆರಿಕದ ಆಸ್ಬಾರ್ನ್ ಕಂಪ್ಯೂಟರ್ ಕಂಪನಿ ಮುಂದಿನ ಮಾಡೆಲ್ ಬಗ್ಗೆ ಅವಸರದಲ್ಲಿ ಹೇಳಿಕೊಂಡು, ಕೈಯಲ್ಲಿದ್ದ ಸರಕು ಮಾರಾಟವಾಗದೆ 1983ರಲ್ಲಿ ದಿವಾಳಿಯೆದ್ದಿತು ಎಂಬ ಕಥೆ ವ್ಯಾಪಾರದವರಿಗೆಲ್ಲ ಬಾಯಿಪಾಠ. ಅದೊಂದೇ ಕಾರಣವಲ್ಲ ಎನ್ನುವವರೂ ಇದ್ದಾರೆ, ಭಯವಂತೂ ಹೋಗಿಲ್ಲ.

ಆದರೆ ಹೊಸದರಲ್ಲಿ ಹಳೇ ಗಿರಾಕಿಗೂ ಪಾಲಿದ್ದರೆ ಈ ಭಯಕ್ಕೆ ಅರ್ಥವಿಲ್ಲ. ಪೋಲೆಂಡಿನ ಸಿಡಿ ಪ್ರಾಜೆಕ್ಟ್ ಕಂಪನಿ ತನ್ನ ‘ವಿಚರ್ 3’ರ ಸುಧಾರಿತ ರೂಪ ಹಳೆಯದು ಇದ್ದವರಿಗೆಲ್ಲ ಪುಕ್ಕಟೆ ಎಂದು 2020ರಲ್ಲೇ ಹೇಳಿಬಿಟ್ಟಿತು. ಕೆಲಸ ತಡವಾಗಿ, ಅದು ಬಂದದ್ದು 2022ರ ಡಿಸೆಂಬರ್‌ನಲ್ಲಿ. ನನ್ನ ಮಗ ಆ ಗೇಮ್ ಬೇಕೆಂದು ಹಟ ಹಿಡಿದದ್ದು ಈ ಎರಡರ ನಡುವೆ. ಮೆಜೆಸ್ಟಿಕ್ ಹತ್ತಿರದ ನ್ಯಾಷನಲ್ ಮಾರ್ಕೆಟ್‌ನಲ್ಲಿ ಪ್ಲೇಸ್ಟೇಷನ್ 4 (ಪಿಎಸ್4) ಯಂತ್ರದ ಸೆಕೆಂಡ್ ಹ್ಯಾಂಡ್ ಡಿಸ್ಕ್ ಸಿಕ್ಕಿತು. ಅಂಗಡಿಯಾತ ಅದನ್ನು ಟ್ಯೂಬ್‌ಲೈಟಿಗೆ ಹಿಡಿದು, ಎರಡು ಗೀರುಗಳನ್ನು ತಾನೇ ತೋರಿಸಿ, “ಓಡುತ್ತೆ ಸಾರ್, ಓಡ್ಲಿಲ್ಲ ಅಂದ್ರೆ ವಾಪಸ್ ತನ್ನಿ” ಅಂದ. ಚೌಕಾಸಿ ಮುಗಿಯುವಷ್ಟರಲ್ಲಿ ಬೆಲೆ ಸಾವಿರದೊಳಗೆ ಇಳಿದಿತ್ತು. ಪಿಎಸ್5ರ ದೊಡ್ಡ ಗೇಮ್ ಹೊಸದಾಗಿ ಬಂದಾಗ 4,999 ರೂಪಾಯಿ ಕೊಡುವುದು ಮಾಮೂಲಿ ಎಂಬುದನ್ನು ನೆನೆಯಿರಿ. ಡಿಸೆಂಬರ್‌ನಲ್ಲಿ ಅದೇ ಗೀರುಬಿದ್ದ ಡಿಸ್ಕನ್ನು ಪಿಎಸ್5ಗೆ ಹಾಕಿದೆವು. ಹೊಸ ರೂಪ ಬಿಟ್ಟಿ ಇಳಿಯತೊಡಗಿತು. ಮೊದಲೇ ಹೇಳಿದ್ದರಿಂದಲೇ ನಾನು ಧೈರ್ಯವಾಗಿ ಜೇಬಿಗೆ ಕೈಹಾಕಿದ್ದು.

ಸೋನಿಯದು ಇನ್ನೊಂದು ಬಗೆ. 2024ರಲ್ಲಿ ‘ಹೊರೈಜನ್ ಜೀರೋ ಡಾನ್’ ಗೇಮಿನ ಹೊಸ ರೂಪ (ರೀಮಾಸ್ಟರ್) ಪ್ರಕಟಿಸಿ, ಹಳೆಯದು ಇದ್ದವರಿಗೆ ಹತ್ತು ಡಾಲರ್‌ಗೆ ಕೊಡುತ್ತೇವೆಂದಿತು. ನ್ಯಾಯವಾದ ಮಾತೇ. ಆದರೆ ಅದೇ ಹೊತ್ತಿಗೆ ಆನ್‌ಲೈನ್ ಸ್ಟೋರಿನಲ್ಲಿ ಹಳೆಯದರ ಬೆಲೆ 20 ಡಾಲರ್‌ನಿಂದ 40ಕ್ಕೆ ಏರಿತ್ತು. ಸುದ್ದಿ ಕೇಳಿ ಅಗ್ಗದ ದಾರಿ ಹಿಡಿಯಲು ಹೊರಟವರಿಗೆ ಬಾಗಿಲು ಹಾಕಿತ್ತು. ಇದನ್ನು ಮೊದಲೇ ತಿಳಿಸುವುದು ಅಂತ ನಾನು ಕರೆಯಲಾರೆ.

ಕಾರಿನ ಹೊಸ ಮಾಡೆಲ್ ಬರುವ ಮುಂಚೆ ಶೋರೂಮಿನವರು ಹಳೆಯದರ ಮೇಲೆ ಡಿಸ್ಕೌಂಟ್ ಬಿಡುತ್ತಾರೆ, ಗೊತ್ತಾಗುವವರಿಗೆ ಗೊತ್ತಾಗುತ್ತದೆ. ಬೇಡವಾದರೆ ಕಾರನ್ನು ಮಾರಲೂಬಹುದು. ಡೌನ್‌ಲೋಡ್ ಮಾಡಿದ ಗೇಮನ್ನು ಮಾರಲಾಗದು. ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಹಣ ವಾಪಸ್ ಕೇಳುವುದಿದ್ದರೂ ಹದಿನಾಲ್ಕು ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿರಬೇಕು.

ಹಾಗಾಗಿ ಬಿಡುಗಡೆಯ ದಿನಾಂಕವನ್ನು ವರ್ಷ ಮೊದಲೇ ಸಾರಿ ಎಂದು ನಾನು ಕೇಳುವುದಿಲ್ಲ. ದಿನಾಂಕ ಜಾರುತ್ತಲೇ ಇರುತ್ತದೆ. ಬಾಯಿ ಮುಚ್ಚಿಕೊಂಡೇ ಇರಿ. ಆದರೆ ಹೊಸದು ಸಿದ್ಧವಿದ್ದಾಗ ಹಳೆಯದನ್ನು ಸೇಲ್‌ಗೆ ಹಾಕಬೇಡಿ. ಹಾಕಿದರೆ, ಹೊಸದು ಬರುವ ಹಿಂದಿನ ಮೂರು ತಿಂಗಳಲ್ಲಿ ಕೊಂಡವರ ಹಣವನ್ನು ಹೊಸದರ ಬೆಲೆಯಲ್ಲಿ ಮುರಿದುಕೊಳ್ಳಿ. ಯಾರು ಯಾವಾಗ ಕೊಂಡರೆಂಬ ಲೆಕ್ಕ ನಿಮ್ಮ ಸರ್ವರ್‌ನಲ್ಲೇ ಇದೆ.